ಫೋಮ್ ರೋಲರ್ ಬಳಸುವಾಗ ಬೆನ್ನು ಜೋಪಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ಸುತ್ತಮುತ್ತ ಫಿಸಿಯೋಥೆರಪಿ ಕೆಲಸ ಮಾಡುವ ನನ್ನ ಹತ್ತಿರ ಎಲ್ಲ ಬಗೆಯವರೂ ಬರುತ್ತಾರೆ. ಭಾನುವಾರ ನಂದಿ ಬೆಟ್ಟ ಹತ್ತುವ ಸೈಕಲ್ ಹುಡುಗರು, ದೇವನಹಳ್ಳಿ ಕಡೆ ದಿನಾ ಬಸ್ಸಿನಲ್ಲಿ ಓಡಾಡುವವರು, ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಶಿಡ್ಲಘಟ್ಟದ ರೀಲರ್‌ಗಳು, ರೇಷ್ಮೆ ಹುಳು ಮೇಯಿಸುವ ಮನೆಯ ಹೆಂಗಸರು. ಈಚೆಗೆ ಇವರಲ್ಲಿ ಹಲವರ ಮನೆಯಲ್ಲಿ ಒಂದು ಫೋಮ್ ರೋಲರ್ ಇದೆ, ಅಂದರೆ ಮೈ ಕೆಳಗಿಟ್ಟು ಹೊರಳಿ ಮಾಂಸಖಂಡ ಒತ್ತಿಕೊಳ್ಳುವ ದುಂಡನೆಯ ಫೋಮ್ ಉರುಳೆ. ಮಗ ಆನ್‌ಲೈನಲ್ಲಿ ತರಿಸಿದ್ದು, ಅಪ್ಪನ ಸೊಂಟದ ಕೆಳಗೆ ಹೋಗಿರುತ್ತದೆ. ಅಲ್ಲಿಂದಲೇ ತೊಂದರೆ ಶುರು. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಇಟ್ಟಿದ್ದೇನೆ.

ಈ ರೋಲರ್ ನಿಜವಾಗಿ ಏನು ಮಾಡುತ್ತೆ? ಒಳಗಿನ ಗಂಟು ಕರಗಿಸುತ್ತಾ?

ಇಲ್ಲ. ಗಂಟು ಒಡೆಯುತ್ತೆ, ಅಂಟಿಕೊಂಡ ನಾರು ಬಿಡಿಸುತ್ತೆ ಅನ್ನುವುದೆಲ್ಲ ಮಾರುವವರ ಮಾತು. ಮಾಂಸಖಂಡವನ್ನು ಸುತ್ತಿಕೊಂಡಿರುವ ಪೊರೆ ಬಹಳ ಗಟ್ಟಿ. ನಮ್ಮ ಮೈಭಾರಕ್ಕೆ ಅದು ಹಿಗ್ಗುವುದೂ ಇಲ್ಲ, ಕರಗುವುದೂ ಇಲ್ಲ. ನಿಧಾನವಾಗಿ ಒತ್ತಿದಾಗ ಆ ಜಾಗದ ನರಗಳಿಂದ ಮಿದುಳಿಗೆ ಹೋಗುವ ಸೂಚನೆ ಬದಲಾಗುತ್ತದೆ. ಅದರಿಂದ ಬಿಗಿ ಸ್ವಲ್ಪ ಸಡಿಲಾಗುತ್ತದೆ, ನೋವು ತಡೆಯುವ ಶಕ್ತಿ ಸ್ವಲ್ಪ ಏರುತ್ತದೆ, ಕೈಕಾಲು ಸಲೀಸಾಗಿ ಆಡುತ್ತವೆ. ಈ ಹಗುರ ಬಹಳ ಹೊತ್ತು ಇರುವುದಿಲ್ಲ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಹಾಗಾಗಿ ವ್ಯಾಯಾಮಕ್ಕೆ ಮೊದಲು ಮೈ ಸಡಿಲಿಸಲು, ದಣಿದ ಮೇಲೆ ನೋವು ತಗ್ಗಿಸಲು ರೋಲರ್ ಒಳ್ಳೆಯದು. ಕಾಯಿಲೆ ವಾಸಿ ಮಾಡುವ ಶಕ್ತಿ ಅದಕ್ಕಿಲ್ಲ.

ನೋವಿರೋದೇ ಸೊಂಟದಲ್ಲಿ. ಸೊಂಟದ ಕೆಳಗೆ ಇಟ್ಕೋಬೇಡಿ ಅಂತೀರಲ್ಲ, ಯಾಕೆ?

ನಿಮ್ಮ ಬೆನ್ನನ್ನೇ ಮುಟ್ಟಿ ನೋಡಿಕೊಳ್ಳಿ. ಕುತ್ತಿಗೆಯಲ್ಲಿ 7 ಮೂಳೆ, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ನಡುವಿನ ಆ 12 ಮೂಳೆಗಳಿಗೆ ಎರಡೂ ಕಡೆ ಪಕ್ಕೆಲುಬುಗಳು ಸೇರಿಕೊಂಡಿವೆ. ಅಲ್ಲಿ ರೋಲರ್ ಇಟ್ಟರೆ ಭಾರ ಇಡೀ ಎದೆಗೂಡಿಗೆ ಹಂಚಿಹೋಗುತ್ತದೆ. ಸೊಂಟದ 5 ಮೂಳೆಗಳಿಗೆ ಆ ಆಸರೆ ಇಲ್ಲ. ಜೊತೆಗೆ ಅಲ್ಲಿ ಬೆನ್ನು ಮೊದಲೇ ಒಳಕ್ಕೆ ಬಾಗಿರುತ್ತದೆ. ದುಂಡಗಿರುವ ಗಟ್ಟಿ ವಸ್ತುವನ್ನು ಅಲ್ಲಿ ತೂರಿಸಿದರೆ ಬಾಗು ಇನ್ನೂ ಹೆಚ್ಚುತ್ತದೆ, ಬೆನ್ನುಮೂಳೆಯ ಹಿಂಬದಿಯ ಸಣ್ಣ ಕೀಲುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ.

ಇನ್ನೊಂದು ತಮಾಷೆ ಇದೆ. ಬೆನ್ನುಮೂಳೆಗೆ ಅಪಾಯ ಅನ್ನಿಸಿದ ಕೂಡಲೇ ಸುತ್ತಲಿನ ಮಾಂಸಖಂಡಗಳು ಕಾವಲಿಗೆ ನಿಂತಂತೆ ಬಿಗಿದುಕೊಳ್ಳುತ್ತವೆ. ಬಿಗಿ ಸಡಿಲಿಸೋಣ ಅಂತ ಹೊರಳಿದವರಿಗೆ ಬಿಗಿ ಹೆಚ್ಚಾಗುತ್ತದೆ. ಎದ್ದ ತಕ್ಷಣ ಹಾಯೆನಿಸಿ ಮಾರನೇ ದಿನ ಬೆಳಿಗ್ಗೆ ಸೊಂಟ ಹಿಡಿದುಕೊಳ್ಳುವುದು ಇದರಿಂದಲೇ.

ಪಕ್ಕೆಲುಬಿನ ಕೊನೆಯ ಎರಡು ಜೋಡಿ, ಅಂದರೆ 11 ಮತ್ತು 12ನೆಯವು, ಮುಂದೆ ಎಲ್ಲಿಗೂ ಅಂಟಿಕೊಂಡಿಲ್ಲ. ಅವುಗಳ ಹತ್ತಿರವೇ ಮೂತ್ರಪಿಂಡಗಳಿವೆ. ಅಲ್ಲಿ ಪೂರ್ತಿ ಮೈಭಾರ ಹಾಕುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ. ಕುತ್ತಿಗೆಗೂ ಇದೇ ಮಾತು: ರೋಲರ್ ಬೇಡ.

ಹಾಗಾದ್ರೆ ಸೊಂಟನೋವಿನವರು ರೋಲರ್ ಮುಟ್ಟಲೇಬಾರದಾ?

ಮುಟ್ಟಬಹುದು, ಜಾಗ ಬದಲಿಸಿ. ಸೊಂಟ ನೋಯುವ ಹಲವರಲ್ಲಿ ಬಿಗಿ ಇರುವುದು ಸೊಂಟಕ್ಕಿಂತ ಮೇಲಿನ ಮತ್ತು ಕೆಳಗಿನ ಭಾಗದಲ್ಲಿ. ದಿನಾ ಎರಡು ಮೂರು ಗಂಟೆ ಬಸ್ಸಿನಲ್ಲಿ ಕೂತು ಬರುವವರ ತೊಡೆಯ ಮುಂಭಾಗವೂ ಪೃಷ್ಠದ ಮಾಂಸಖಂಡಗಳೂ ಬಿಗಿದಿರುತ್ತವೆ, ಮೇಲ್ಬೆನ್ನು ಗೂನಾಗಿ ನಿಂತುಬಿಟ್ಟಿರುತ್ತದೆ. ಅಲ್ಲೆಲ್ಲ ಆಟ ಕಡಿಮೆಯಾದಾಗ ಬಗ್ಗುವ, ತಿರುಗುವ ಕೆಲಸವೆಲ್ಲ ಸೊಂಟದ ಮೇಲೆ ಬೀಳುತ್ತದೆ.

ಮೊದಲು ಪೃಷ್ಠ. ರೋಲರ್ ಮೇಲೆ ಕೂತು ಒಂದು ಕಡೆಗೆ ವಾಲಿ, ಕೈಯನ್ನು ಹಿಂದೆ ನೆಲಕ್ಕೆ ಊರಿ ನಿಧಾನವಾಗಿ ಹಿಂದೆ ಮುಂದೆ ಹೋಗಿ. ಆಮೇಲೆ ಬೋರಲು ಮಲಗಿ ಮೊಣಕೈ ಊರಿ ತೊಡೆಯ ಮುಂಭಾಗ. ಇಲ್ಲಿ ಹೊಟ್ಟೆ ಸ್ವಲ್ಪ ಬಿಗಿಹಿಡಿಯಿರಿ. ಹೊಟ್ಟೆ ನೆಲದ ಕಡೆ ಜೋತುಬಿದ್ದರೆ ಸೊಂಟ ಮತ್ತೆ ಒಳಕ್ಕೆ ಬಾಗುತ್ತದೆ, ರೋಲರ್ ತೊಡೆಯ ಕೆಳಗಿದ್ದರೂ ಪೆಟ್ಟು ಸೊಂಟಕ್ಕೇ. ಹೊರಳಿ ಬಂದವರು "ತೊಡೆಗೆ ಮಾತ್ರ ಮಾಡಿದ್ದು ಸಾರ್, ಆದ್ರೂ ಸೊಂಟ ನೋಯ್ತಿದೆ" ಅಂದಾಗ ನಾನು ಮೊದಲು ನೋಡುವುದು ಇದನ್ನೇ.

ಸೊಂಟಕ್ಕೆ ನೇರವಾಗಿ ಏನಾದರೂ ಮಾಡಲೇಬೇಕು ಅನ್ನಿಸಿದರೆ ರೋಲರ್ ಬದಿಗಿಟ್ಟು ಮಾರ್ಜಾಲಾಸನ, ಬಾಲಾಸನ, ಸೇತುಬಂಧ ಮಾಡಿ. ದಿನಾ ಅರ್ಧ ಗಂಟೆ ನಡೆಯುವುದು ಇವೆಲ್ಲಕ್ಕಿಂತ ಮೇಲು, ಆದರೆ ಅದಕ್ಕೆ ಜಾಹೀರಾತು ಕೊಡುವವರಿಲ್ಲ.

ಮೇಲ್ಬೆನ್ನಿಗೆ ಸರಿಯಾಗಿ ಹೇಗೆ ಮಾಡೋದು?

ಚಾಪೆ ಹಾಸಿ, ಮಂಡಿ ಮಡಚಿ, ಪಾದ ಊರಿ ಕೂತುಕೊಳ್ಳಿ. ರೋಲರನ್ನು ಹಿಂದೆ ಅಡ್ಡಲಾಗಿಟ್ಟು ನಿಧಾನವಾಗಿ ಒರಗಿ. ಅದು ಭುಜದ ಹಲಗೆಗಳ ಕೆಳಅಂಚಿನ ಮಟ್ಟಕ್ಕೆ ಬರಬೇಕು. ಎರಡೂ ಕೈ ತಲೆಯ ಹಿಂದೆ, ಬೆರಳು ಹೆಣೆದು. ತಲೆಯ ಭಾರ ಪೂರ್ತಿ ಅಂಗೈಗೆ ಬಿಡಿ, ಕುತ್ತಿಗೆ ಹಿಡಿದಿಟ್ಟುಕೊಳ್ಳಬೇಡಿ. ಗಲ್ಲ ಸ್ವಲ್ಪ ಎದೆಯ ಕಡೆಗೆ. ಮೊಣಕೈಗಳನ್ನು ಮುಖದ ಮುಂದಕ್ಕೆ ಹತ್ತಿರ ತಂದರೆ ಭುಜದ ಹಲಗೆಗಳು ಪಕ್ಕಕ್ಕೆ ಸರಿದು ನಡುವಿನ ಮಾಂಸಖಂಡ ರೋಲರ್‌ಗೆ ಸಿಗುತ್ತದೆ.

ಈಗ ಪೃಷ್ಠವನ್ನು ನೆಲದಿಂದ ಒಂದೆರಡು ಇಂಚು ಎತ್ತಿ, ಪಾದದಿಂದ ತಳ್ಳಿ. ರೋಲರ್ ಭುಜದ ಮೇಲಂಚಿನವರೆಗೆ ಹೋಗಿ ವಾಪಸು ಬರಲಿ. ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್‌ಗಿಂತ ವೇಗ ಬೇಡ. ಚಪಾತಿ ಲಟ್ಟಿಸಿದ ಹಾಗೆ ಸರಸರ ಆಡಿಸುವವರೇ ಹೆಚ್ಚು, ಅದರಿಂದ ಲಾಭ ಏನೂ ಇಲ್ಲ. ಕೆಳಗೆ ಬರುವಾಗ ಪಕ್ಕೆಲುಬು ಮುಗಿಯುವುದಕ್ಕೆ ಮೊದಲೇ ನಿಲ್ಲಿಸಿ. ಹೆಂಗಸರಿಗೆ ಗುರುತು ಸುಲಭ: ಒಳಉಡುಪಿನ ಪಟ್ಟಿಗಿಂತ ಕೆಳಗೆ ಇಳಿಯಬಾರದು.

ಹೊರಳುವುದು ಕಷ್ಟವಾದರೆ ಪೃಷ್ಠ ಎತ್ತಲೇಬೇಡಿ. ರೋಲರ್ ಮೇಲೆ ಒರಗಿ ಮೂರು ನಾಲ್ಕು ದೀರ್ಘ ಉಸಿರು ತೆಗೆದುಕೊಳ್ಳಿ, ಒಂದಿಂಚು ಮೇಲಕ್ಕೆ ಸರಿಸಿ, ಮತ್ತೆ ಉಸಿರು. ನನಗಂತೂ ಇದೇ ವಾಸಿ ಅನ್ನಿಸುತ್ತದೆ. ಹಿಂದಕ್ಕೆ ಬಾಗಿ ತಲೆಯನ್ನು ನೆಲಕ್ಕೆ ಮುಟ್ಟಿಸುವ ಸಾಹಸ ಬೇಡ.

ಎಷ್ಟು ಹೊತ್ತು? ಎಷ್ಟು ನೋವು ಬರಬೇಕು?

ಒಂದೊಂದು ಜಾಗಕ್ಕೆ 30 ರಿಂದ 60 ಸೆಕೆಂಡು, ಒಟ್ಟು ಹತ್ತು ನಿಮಿಷ ಸಾಕು. ನೋವನ್ನು ಹತ್ತಕ್ಕೆ ಇಷ್ಟು ಅಂತ ಲೆಕ್ಕ ಹಾಕಿದರೆ ಐದನ್ನು ದಾಟಬಾರದು. ಉಸಿರು ಕಟ್ಟುತ್ತಿದೆ, ಹಲ್ಲು ಕಚ್ಚಿಕೊಳ್ಳುತ್ತಿದ್ದೀರಿ, ಮುಖ ಕಿವುಚುತ್ತಿದೆ ಅಂದರೆ ಅದು ಹೆಚ್ಚಾಯಿತು. "ಕಷ್ಟಪಟ್ಟರೆ ಫಲ" ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಚಾಕು ಚುಚ್ಚಿದಂಥ ನೋವು, ಕರೆಂಟು ಹೊಡೆದಂತೆ ಕಾಲಿಗೆ ಇಳಿಯುವುದು, ಜೋಮು, ಇವು ಬಂದರೆ ಅಲ್ಲೇ ನಿಲ್ಲಿಸಿ.

ರೋಲರ್ ಮೇಲೆ ಬೆನ್ನು ಲಟಕ್ ಅಂತು. ಮೂಳೆ ಕೂತ್ಕೊಂಡ್ತು ಅಲ್ವಾ?

ಮೂಳೆ ಎಲ್ಲಿಗೂ ಹೋಗಿರಲಿಲ್ಲ, ಕೂತುಕೊಳ್ಳಲು. ಕೀಲಿನ ಒಳಗಿನ ದ್ರವದಲ್ಲಿ ಒತ್ತಡ ಬದಲಾಗಿ ಗಾಳಿಗುಳ್ಳೆ ಉಂಟಾದಾಗ ಬರುವ ಸದ್ದು ಅದು, ಬೆರಳ ನೆಟಿಗೆ ಮುರಿದಾಗ ಬರುವುದೂ ಅದೇ. ನೋವಿಲ್ಲದೆ ತಾನಾಗಿ ಬಂದರೆ ಬರಲಿ. ಸದ್ದು ಬರಿಸಲೇಬೇಕು ಅಂತ ಮೈ ತಿರುಚಬೇಡಿ.

ಹುಳು ನಾಲ್ಕನೇ ಜ್ವರ ಎದ್ದಿದೆ. ಹಗಲೂ ರಾತ್ರಿ ಸೊಪ್ಪು ಹೊತ್ತು ಸೊಂಟ ಬಿದ್ದುಹೋಗಿದೆ. ರಾತ್ರಿ ರೋಲರ್ ಹಾಕಿದ್ರೆ ಬೆಳಿಗ್ಗೆಗೆ ಸರಿ ಹೋಗುತ್ತಾ?

ರೇಷ್ಮೆ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಜ್ವರ ಅಂದರೆ ಹುಳು ಮೇಯುವುದು ನಿಲ್ಲಿಸಿ ಪೊರೆ ಬಿಡುವ ಹೊತ್ತು. ನಾಲ್ಕನೇ ಜ್ವರ ಎದ್ದ ಮೇಲಿನ ಸುಮಾರು ಒಂದು ವಾರದಲ್ಲಿ ಹುಳು ತನ್ನ ಇಡೀ ಜೀವನದ ಸೊಪ್ಪಿನಲ್ಲಿ ಹೆಚ್ಚಿನ ಪಾಲನ್ನು ತಿಂದು ಮುಗಿಸುತ್ತದೆ. ಆ ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಬಗ್ಗಿ ಕಡ್ಡಿ ಕೊಯ್ಯುವುದು, ಹೊರೆ ಕಟ್ಟುವುದು, ತಲೆ ಮೇಲೆ ಎತ್ತುವುದು, ಮತ್ತೆ ಬಗ್ಗಿ ಹಾಸುವುದು.

ದಣಿದು ಮಲಗುವ ಮೊದಲು ಪೃಷ್ಠ, ತೊಡೆ, ಮೇಲ್ಬೆನ್ನು ಒಂದೊಂದು ನಿಮಿಷ ಹೊರಳಿಸಿದರೆ ನಿದ್ದೆ ಚೆನ್ನಾಗಿ ಬರಬಹುದು. ಅಷ್ಟೇ. ಸೊಂಟ ಬೀಳುವುದು ಹೊರೆ ಎತ್ತುವ ರೀತಿಯಿಂದ. ಒಂದೇ ದೊಡ್ಡ ಹೊರೆಯ ಬದಲು ಎರಡು ಸಣ್ಣದು ಮಾಡಿ. ಎತ್ತುವಾಗ ಮಂಡಿ ಬಗ್ಗಿಸಿ, ಹೊರೆಯನ್ನು ಮೈಗೆ ಒತ್ತಿಕೊಂಡು ಏಳಿ. ಹೊತ್ತುಕೊಂಡೇ ಸೊಂಟ ತಿರುಚಬೇಡಿ, ಪಾದ ತಿರುಗಿಸಿ. ಸೊಪ್ಪು ಕೊಯ್ಯುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ನಿಂತು, ಎರಡೂ ಕೈ ಸೊಂಟಕ್ಕಿಟ್ಟು ಹಿಂದಕ್ಕೆ ನಾಲ್ಕು ಸಲ ಮೆಲ್ಲಗೆ ಬಾಗಿ. ಇಷ್ಟು ಮಾಡಿದವರಿಗೆ ರೋಲರ್ ಇಲ್ಲದಿದ್ದರೂ ನಡೆಯುತ್ತದೆ.

ನಮ್ಮದು ಬಾಗೇಪಲ್ಲಿ ಕಡೆ ಹಳ್ಳಿ. ಅಪ್ಪನಿಗೆ ಹಲ್ಲಿನ ಮೇಲೆ ಕಂದು ಕಲೆ, ಬೆನ್ನು ಮರದ ತರ ಸೆಟೆದಿದೆ. ರೋಲರ್ ಹಾಕಬಹುದಾ?

ಬೇಡ. ಮೊದಲು ಪರೀಕ್ಷೆ ಮಾಡಿಸಿ.

ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಬೇರೆಯದೇ ತೂಕ ಇದೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಪಾವಗಡ, ಇಲ್ಲೆಲ್ಲ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುವುದು ಭಾರತೀಯ ಮಾನದಂಡ. ಅದನ್ನು ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿನಲ್ಲಿ ಕಲೆ. ವರ್ಷಗಟ್ಟಲೆ ಬಹಳ ಹೆಚ್ಚಿನ ಪ್ರಮಾಣದಲ್ಲಿ ಕುಡಿದರೆ ಮೂಳೆಗೂ ಇಳಿಯುತ್ತದೆ. ಬೆನ್ನುಮೂಳೆಯನ್ನು ಹಿಡಿದಿರುವ ಅಸ್ಥಿರಜ್ಜುಗಳಲ್ಲಿ ಸುಣ್ಣ ಸೇರಿ ಅವು ಸೆಟೆದುಕೊಳ್ಳುತ್ತವೆ. ಮುಂದುವರಿದವರಲ್ಲಿ ಬೆನ್ನುಹುರಿ ಹಾದುಹೋಗುವ ಜಾಗವೇ ಕಿರಿದಾಗಿ ಕಾಲಿನ ಬಲ ಕುಗ್ಗಬಹುದು. ಅಂಥ ಬೆನ್ನನ್ನು ರೋಲರ್ ಮೇಲೆ ಹಿಂದಕ್ಕೆ ಬಗ್ಗಿಸುವುದು ಅಪಾಯ. ಸೆಟೆದ ಮೂಳೆ ಗಟ್ಟಿ ಮೂಳೆ ಅಂತ ಹಲವರು ತಿಳಿದಿದ್ದಾರೆ. ಅದು ನೋಡಲು ದಪ್ಪ, ಆದರೆ ಪೆಟ್ಟು ತಡೆಯುವ ಗುಣ ಕಡಿಮೆ.

ಮನೆಯಲ್ಲೇ ಮೂರು ನೋಡಿ. ಗಲ್ಲ ಎದೆಗೆ ಮುಟ್ಟುತ್ತದಾ? ಎರಡೂ ಅಂಗೈ ತಲೆಯ ಹಿಂದೆ ಇಡಲು ಆಗುತ್ತದಾ? ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಲು ಆಗುತ್ತದಾ? ಮೂರೂ ಆಗದೆ, ಹಲ್ಲಿನ ಕಲೆಯೂ ಇದ್ದರೆ ವೈದ್ಯರ ಹತ್ತಿರ ಹೇಳಿ. ವಯಸ್ಸಾದ ಮಾತ್ರಕ್ಕೂ ಇವು ಆಗದಿರಬಹುದು, ಆದ್ದರಿಂದ ಹೆದರಿಕೆ ಬೇಡ, ಎಕ್ಸ್‌ರೇ ಮತ್ತು ಮೂತ್ರ ಪರೀಕ್ಷೆ ದಾರಿ ತೋರಿಸುತ್ತವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಅಡುಗೆಗೂ ಬಳಸಿ. ಕುಡಿಯುವುದಕ್ಕೆ ಮಾತ್ರ ಘಟಕದ ನೀರು, ಸಾರಿಗೆ ಮುದ್ದೆಗೆ ಬೋರಿನ ನೀರು ಅನ್ನುವ ಮನೆಗಳೇ ಹೆಚ್ಚು.

ಇನ್ಯಾರು ಬಳಸಬಾರದು?

ಮೂಳೆ ಸವೆತ (ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್) ಇರುವವರು, ಅದರಲ್ಲೂ ಮುಟ್ಟು ನಿಂತ ಹೆಂಗಸರು ಮತ್ತು ಬಹುಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು, ವೈದ್ಯರನ್ನು ಕೇಳದೆ ಬೆನ್ನಿಗೆ ರೋಲರ್ ಹಾಕಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಚರ್ಮದಡಿ ರಕ್ತ ಹೆಪ್ಪುಗಟ್ಟಿ ನೀಲಿಯಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ, ಕಾಲು ಮರಗಟ್ಟಿದ್ದರೆ ಎಷ್ಟು ಒತ್ತುತ್ತಿದ್ದೀರಿ ಅನ್ನುವುದೇ ತಿಳಿಯುವುದಿಲ್ಲ. ಉಬ್ಬಿದ ರಕ್ತನಾಳಗಳ ಮೇಲೆ ಬೇಡ. ಬಸುರಿಯರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು, ಐದು ತಿಂಗಳು ದಾಟಿದ ಮೇಲಂತೂ ಅಂಗಾತ ಮಲಗಿ ಮಾಡುವ ಯಾವುದೂ ಬೇಡ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದನ್ನು ಬರೀ ಹಿಡಿತ ಅಂತ ತಿಳಿದು ಉಜ್ಜಲೇಬೇಡಿ. ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಿ.

ಡಿಸ್ಕ್ ಜಾರಿದೆ ಅಂದಿದ್ದಾರೆ. ಕಾಲಿಗೆ ನೋವು ಇಳಿಯುತ್ತೆ. ಪೃಷ್ಠಕ್ಕೆ ಹಾಕಬಹುದಾ?

ನೋವು ಕಾಲಿಗೆ ಇಳಿಯುತ್ತಿರುವಷ್ಟು ದಿನ ಬೇಡ. ಸಯಾಟಿಕ್ ನರ ಪೃಷ್ಠದ ಮಧ್ಯದಿಂದಲೇ ಕಾಲಿಗೆ ಹೋಗುತ್ತದೆ. ಮೊದಲೇ ಕೆರಳಿದ ನರವನ್ನು ಇನ್ನಷ್ಟು ಕೆರಳಿಸಿದಂತಾಗುತ್ತದೆ. ಡಿಸ್ಕ್ ತೊಂದರೆಯ ಹೆಚ್ಚಿನವರು ಶಸ್ತ್ರಚಿಕಿತ್ಸೆ ಇಲ್ಲದೆಯೇ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಸುಧಾರಿಸುತ್ತಾರೆ. ರೋಲರ್ ಆ ಕಾಲವನ್ನು ಕಡಿಮೆ ಮಾಡುವುದಿಲ್ಲ.

ನಂದಿ ಬೆಟ್ಟಕ್ಕೆ ಸೈಕಲ್ ಹೊಡೀತೀವಿ. ಏನೇನು ಮಾಡ್ಬೇಕು?

ತೊಡೆಯ ಮುಂಭಾಗ, ಪೃಷ್ಠ, ಮೀನಖಂಡ, ಮೇಲ್ಬೆನ್ನು, ಈ ಕ್ರಮದಲ್ಲಿ. ಹ್ಯಾಂಡಲ್ ಮೇಲೆ ಬಾಗಿ ಏರುವವರ ಮೇಲ್ಬೆನ್ನು ಬೇಗ ಬಿಗಿಯುತ್ತದೆ. ತೊಡೆಯ ಹೊರಬದಿಯ ಗಟ್ಟಿ ಪಟ್ಟಿಯ ಮೇಲೆ ಕಣ್ಣೀರು ಬರುವ ಹಾಗೆ ಹೊರಳುವುದನ್ನು ಬಿಟ್ಟುಬಿಡಿ. ಅದು ಉದ್ದವಾಗುವ ವಸ್ತುವೇ ಅಲ್ಲ. ಸ್ಕಂದಗಿರಿ ಬೆಟ್ಟ ಇಳಿದ ಮಾರನೇ ದಿನದ ಕಾಲುನೋವು ಒಂದರಿಂದ ಮೂರು ದಿನದೊಳಗೆ ಏರಿ ತಾನಾಗಿ ಇಳಿಯುತ್ತದೆ, ರೋಲರ್ ಅದನ್ನು ಸಹಿಸಲು ನೆರವಾಗುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ರೋಲರ್, ಮಾತ್ರೆ ಎರಡನ್ನೂ ಬಿಟ್ಟು ಆಸ್ಪತ್ರೆಗೆ ಹೋಗಿ.

ಯಾವುದು ಕೊಳ್ಳೋದು? ಪಿವಿಸಿ ಪೈಪ್ ತುಂಡು ಆಗಲ್ವಾ?

ಪೈಪ್ ಬೇಡ, ಮೂಳೆಗೆ ತಾಗುತ್ತದೆ. ಮೊದಲ ಸಲಕ್ಕೆ ಮೆತ್ತನೆಯ ಅಥವಾ ಮಧ್ಯಮ ಗಟ್ಟಿಯ, ನಯವಾದ ರೋಲರ್ ತೆಗೆದುಕೊಳ್ಳಿ. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು. ಮುಳ್ಳುಮುಳ್ಳಾಗಿ ಗುಬುಟು ಇರುವವು ಚೆಂದ ಕಾಣುತ್ತವೆ, ಹೊಸಬರಿಗಲ್ಲ. ಬೆನ್ನಿಗೆ ಕನಿಷ್ಠ 45 ಸೆಂ.ಮೀ. ಉದ್ದ ಇರಲಿ, 30ರದ್ದರಲ್ಲಿ ಮೈ ಜಾರುತ್ತದೆ. ದುಡ್ಡು ಹಾಕುವ ಮೊದಲು ಪರೀಕ್ಷಿಸಬೇಕೆಂದಿದ್ದರೆ ಒಂದು ದಪ್ಪ ಟವೆಲನ್ನು ಬಿಗಿಯಾಗಿ ಸುರುಳಿ ಸುತ್ತಿ ಮೇಲ್ಬೆನ್ನಿನ ಕೆಳಗಿಟ್ಟು ನೋಡಿ.

ಅಮ್ಮನಿಗೆ ಅರವತ್ತೈದು ದಾಟಿದೆ, ನೆಲಕ್ಕೆ ಕೂತರೆ ಏಳೋಕಾಗಲ್ಲ. ಅವರಿಗೆ?

ಮೂಳೆ ಸವೆತ ಇಲ್ಲ ಅಂತ ಖಾತ್ರಿಯಾದ ಮೇಲೆ, ಟೆನಿಸ್ ಚೆಂಡನ್ನು ಗೋಡೆಗೂ ಬೆನ್ನಿಗೂ ನಡುವೆ ಇಟ್ಟು, ಮೆಲ್ಲಗೆ ಒರಗಿ ಆಡಿಸಲಿ. ಚೆಂಡು ಬೆನ್ನುಮೂಳೆಯ ಪಕ್ಕದ ಮಾಂಸದ ಮೇಲಿರಬೇಕು, ಮೂಳೆಯ ಮೇಲಲ್ಲ. ಚೆಂಡನ್ನು ಉದ್ದನೆಯ ಕಾಲುಚೀಲದೊಳಗೆ ಹಾಕಿ ಹೆಗಲ ಮೇಲಿಂದ ಹಿಡಿದುಕೊಂಡರೆ ಕೆಳಗೆ ಬಿದ್ದು ಮಂಚದಡಿ ಹೋಗುವುದಿಲ್ಲ. ಜಾರುವ ಟೈಲ್ಸ್ ಮೇಲೆ ಬರಿಗಾಲಲ್ಲೇ ನಿಲ್ಲಲಿ.

ಕಾಲು ಮುಂದಾಗಿ ಹುಟ್ಟಿದವರ ಹತ್ರ ಒದೆಸಿಕೊಂಡರೆ ಉಳುಕು ಹೋಗುತ್ತೆ ಅಂತಾರೆ. ಅದಕ್ಕಿಂತ ರೋಲರ್ ವಾಸಿ ಅಲ್ವಾ?

ಎರಡೂ ಬೇಡ. ಸೊಂಟದ ಉಳುಕು ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ತಾನಾಗಿಯೇ ಸಡಿಲಾಗುತ್ತದೆ, ಹೆಸರು ಮಾತ್ರ ಒದ್ದವರಿಗೆ ಬರುತ್ತದೆ. ಮಕ್ಕಳನ್ನು ಬೆನ್ನ ಮೇಲೆ ನಿಲ್ಲಿಸಿ ತುಳಿಸಿಕೊಳ್ಳುವುದೂ ಇದೇ ಸಾಲಿಗೆ.

ಸೊಂಟದ ಮೇಲೆ ಹಾಕಿಬಿಟ್ಟಿದ್ದೀನಿ, ಈಗ ನೋವು ಜಾಸ್ತಿ. ಏನು ಮಾಡಲಿ?

ರೋಲರ್ ನಿಲ್ಲಿಸಿ. ಬಿಸಿನೀರಿನ ಶಾಖ ಹದಿನೈದು ನಿಮಿಷ ಕೊಡಿ. ಮಲಗಿದಲ್ಲೇ ಇರಬೇಡಿ, ಎರಡು ದಿನಕ್ಕಿಂತ ಹೆಚ್ಚು ಮಲಗಿದರೆ ಸೊಂಟ ಇನ್ನೂ ಸೆಟೆಯುತ್ತದೆ. ಮನೆಯೊಳಗೇ ಆಗಾಗ ಓಡಾಡಿ. ಸಾಮಾನ್ಯವಾಗಿ ಒಂದು ವಾರದಲ್ಲಿ ತಗ್ಗುತ್ತದೆ, ತಗ್ಗದಿದ್ದರೆ ತೋರಿಸಿ.

ಕೆಲವು ಲಕ್ಷಣಗಳಿಗೆ ಕಾಯುವ ಹಾಗಿಲ್ಲ. ಮೂತ್ರ ಬರುವುದು ತಿಳಿಯದಿರುವುದು ಅಥವಾ ಕಟ್ಟಿಕೊಳ್ಳುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿರುವುದು, ಕಾಲಿನ ಬಲ ಬೀಳುವುದು: ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ. ಬೆಳಗಾಗಲಿ ಅಂತ ಕಾದರೆ ಆ ನರಗಳು ಮತ್ತೆ ಚೇತರಿಸಿಕೊಳ್ಳದಿರಬಹುದು. ಬೆನ್ನುನೋವಿನ ಜೊತೆ ಸಂಜೆಯ ಜ್ವರ, ತೂಕ ಇಳಿತ, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

ರೋಲರ್ ಎಷ್ಟು ವರ್ಷ ಬಾಳುತ್ತೆ?

ಬಳಕೆಯ ಮೇಲೆ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿಡಿ, ಬಿಸಿಲಿಗೆ ಫೋಮ್ ಬಿರುಕು ಬಿಡುತ್ತದೆ. ಬಿಳಿ ಮೆತ್ತನೆಯದು ಬೇಗ ಚಪ್ಪಟೆಯಾಗುತ್ತದೆ. ನೆಲದ ಮೇಲೆ ಉರುಳಿಸಿದಾಗ ಕುಂಟಿಕೊಂಡು ಹೋದರೆ ಅದನ್ನು ಬಿಸಾಕಿ, ಒಂದೇ ಕಡೆ ಒತ್ತಡ ಬೀಳುತ್ತದೆ.